ಗಟ್ಟಿ ಜೇಡಿಮಣ್ಣಿನ ಮಡಿಗೆ ಮರಳು ಹಾಕಬೇಕೇ, ಮರದ ಹೊಟ್ಟು ಹಾಕಬೇಕೇ?

ಹೊಸಚಿಗುರು:
ಮೊದಲ ಸಲ ತರಕಾರಿ ಬೆಳೆಯಲು ಹೊರಟಿದ್ದೇನೆ. ಮಡಿ 10 ಅಡಿ ಉದ್ದ, 4 ಅಡಿ ಅಗಲ. ಒಣಗಿದರೆ ಮಣ್ಣು ಬಿರುಕು ಬಿಡುತ್ತದೆ, ನೀರು ಹಾಕಿದರೆ ಮೇಲೇ ನಿಲ್ಲುತ್ತದೆ. ಮರಳು ಬೆರೆಸಿದರೆ ಸಡಿಲವಾಗುತ್ತದೆಯೇ? ಮರದ ಹೊಟ್ಟು ಬೇಕಾದಷ್ಟಿದೆ, ಅದನ್ನೂ ಹಾಕಬಹುದೇ?

ಮಣ್ಣಿನಹದ:
ಮರಳು ಖಂಡಿತ ಬೇಡ. ಜೇಡಿಯ ಗುಣ ಬದಲಾಗಬೇಕಾದರೆ ಮಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮರಳೇ ಇರಬೇಕಾಗುತ್ತದೆ. ಸ್ವಲ್ಪ ಹಾಕಿದರೆ ಮರಳಿನ ಸಂದಿಗಳಲ್ಲಿ ಜೇಡಿ ತುಂಬಿಕೊಂಡು ಇನ್ನೂ ಬಿಗಿಯುತ್ತದೆ.

ಚೆನ್ನಾಗಿ ಕಳಿತ ಕಾಂಪೋಸ್ಟನ್ನೋ ಕೊಟ್ಟಿಗೆ ಗೊಬ್ಬರವನ್ನೋ 2 ಇಂಚು ದಪ್ಪ ಹರಡಿ, ಮೇಲಿನ 6 ಇಂಚು ಮಣ್ಣಿಗೆ ಬೆರೆಸಿ. ನಿಮ್ಮ ಮಡಿಗೆ ಸುಮಾರು 190 ಲೀಟರ್ ಬೇಕು, ಅಂದರೆ 20 ಲೀಟರಿನ ಒಂಬತ್ತು-ಹತ್ತು ಬಕೆಟ್. ಅಗೆಯುವ ಮೊದಲು ಹದ ನೋಡಿ: ಮಣ್ಣನ್ನು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ. ಉದುರಿದರೆ ಅಗೆಯಬಹುದು, ಚಪ್ಪಟೆಯಾದರೆ ಇನ್ನೂ ಒಂದೆರಡು ದಿನ ಒಣಗಲಿ. ಹಸಿಯಿದ್ದಾಗ ಅಗೆದ ಜೇಡಿ ಹೆಂಟೆಗಟ್ಟುತ್ತದೆ, ಬೇರು ಒಳಗಿಳಿಯುವುದಿಲ್ಲ.

ಎರೆಹುಳು:
ಹೊಟ್ಟಿನ ವಿಷಯ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಗಿಡದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ರೋಗವೆಂದು ಔಷಧಿ ಹೊಡೆದು ಪ್ರಯೋಜನವಿಲ್ಲ. ಹೊಟ್ಟನ್ನು ಕಾಂಪೋಸ್ಟ್ ರಾಶಿಗೆ ಹಾಕಿ, ಹಸಿ ಸೊಪ್ಪು, ತರಕಾರಿ ಸಿಪ್ಪೆ ಧಾರಾಳವಾಗಿ ಸೇರಿಸಿ. ರಾಶಿಯಲ್ಲಿ ಇಂಗಾಲ 25ರಿಂದ 30 ಪಾಲು, ಸಾರಜನಕ ಒಂದು ಪಾಲು ಇದ್ದರೆ ಬೇಗ ಕಳಿಯುತ್ತದೆ. ಬಣ್ಣ ಬಳಿದ ಅಥವಾ ಪ್ಲೈವುಡ್ ಕೊಯ್ದ ಹೊಟ್ಟಾದರೆ ಅದಕ್ಕೂ ಬೇಡ.

ಹೊಸಚಿಗುರು:
ಗೊಬ್ಬರ ಕಳಿತಿದೆ ಎಂದು ತಿಳಿಯುವುದು ಹೇಗೆ?

ಎರೆಹುಳು:
ಒಂದು ಹಿಡಿ ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಘಾಟು ಅಥವಾ ಹುಳಿ ವಾಸನೆ ಬಂದರೆ ಇನ್ನೂ ಕಾಯಬೇಕು. ಹಸಿ ಗೊಬ್ಬರದ ಅಮೋನಿಯ ಎಳೆ ಬೇರನ್ನು ಸುಡುತ್ತದೆ.

ಮಣ್ಣಿನಹದ:
ಇನ್ನೊಂದು ಮಾತು: ಈ ಅಗೆತ ಮೊದಲ ಸಲಕ್ಕೆ ಮಾತ್ರ ಸಾಕು. ಆಮೇಲೆ ವರ್ಷಕ್ಕೊಮ್ಮೆ 1 ಇಂಚು ಕಾಂಪೋಸ್ಟ್ ಮೇಲೆ ಹರಡಿ, ಅದರ ಮೇಲೆ 2–3 ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಒಳಗೆ ಸೇರಿಸುವ ಕೆಲಸ ಎರೆಹುಳುಗಳದ್ದು. ಮಡಿಯೊಳಗೆ ಕಾಲಿಡಬೇಡಿ, 4 ಅಡಿ ಅಗಲಕ್ಕೆ ಎರಡೂ ಬದಿಯಿಂದ ಕೈ ಎಟುಕುತ್ತದೆ. ಮಣ್ಣಿನ ರಸಸಾರ (pH, ಅಂದರೆ ಮಣ್ಣು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಪರೀಕ್ಷಿಸದೆ ಸುಣ್ಣ ಮಾತ್ರ ಹಾಕಬೇಡಿ. 6ರಿಂದ 7ರೊಳಗಿದ್ದರೆ ಅದರ ಅಗತ್ಯವೇ ಇಲ್ಲ, ಹೆಚ್ಚಾದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ಹಳದಿಯಾಗುತ್ತವೆ.