ಚಾರ್ಮಾಡಿಯಲ್ಲಿ ಹಗ್ಗ ಕಟ್ಟಿದ ಕಾರು

ನಮ್ಮ ಮನೆ ಗುಂಪಿನ ಹೆಸರು 'ಹೊಸಮನೆ ಬಳಗ'. ಅಲ್ಲಿ ಶುಭೋದಯ, ಕಾಳುಮೆಣಸಿನ ರೇಟು, ಎಲ್ಲಿ ಎಷ್ಟು ಇಂಚು ಮಳೆ, ಇಷ್ಟು ಬಿಟ್ಟರೆ ಬೇರೇನೂ ಇರುವುದಿಲ್ಲ. ಕಳೆದ ಭಾನುವಾರ ದೊಡ್ಡಪ್ಪ ಒಂದು ವಿಡಿಯೋ ಹಾಕಿದರು, ಶುರುವಾಯಿತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಸ್ಟಿಕ್ಕರ್‌ಗಳನ್ನೂ ಊಟ ಆಯ್ತಾ ಅನ್ನುವ ಮೆಸೇಜುಗಳನ್ನೂ ತೆಗೆದಿದ್ದೇನೆ. ಶಶಿ, ರಶ್ಮಿ ಅಕ್ಕ ದೊಡ್ಡಪ್ಪನ ಮಕ್ಕಳು, ಪ್ರಕಾಶ್ ಭಾವ ಅಕ್ಕನ ಗಂಡ. ಮಂಜಣ್ಣನಿಗೆ ಹಾಸನದ ಬಿ.ಎಂ. ರಸ್ತೆಯಲ್ಲಿ ಗ್ಯಾರೇಜ್ ಇದೆ. ಅದನ್ನು ತಿಳಿದುಕೊಂಡು ಓದಿ.

ದೊಡ್ಡಪ್ಪ: ನಿನ್ನೆ ಸಂಜೆ ಅಳಿಯಂದಿರ ಕಾರು ಚಾರ್ಮಾಡಿ ಘಾಟಿಯಲ್ಲಿ ಕೆಟ್ಟು ನಿಂತಿತು. ನಮ್ಮ ಶಶಿ ಪಿಕಪ್‌ಗೆ ಹಗ್ಗ ಕಟ್ಟಿ ಮೂಡಿಗೆರೆ ತನಕ ಎಳೆದು ತಂದ. ಆ ಮಂಜಿನಲ್ಲಿ, ಆ ತಿರುವುಗಳಲ್ಲಿ! ವಿಡಿಯೋ ನೋಡಿ. ಟೋಯಿಂಗ್‌ನವನು ಎಂಟು ಸಾವಿರ ಕೇಳಿದ್ದನಂತೆ. ಒಂದು ಪೈಸೆ ಖರ್ಚಿಲ್ಲ.

ಸುಧತ್ತೆ: ಭೇಷ್ ಶಶಿ! ಮನೆಯಲ್ಲಿ ಒಬ್ಬ ಇಂಥ ಹುಡುಗ ಇರಬೇಕು.

ಮಂಜಣ್ಣ: ಶಶಿ, ಹಗ್ಗವನ್ನು ಎಲ್ಲಿಗೆ ಕಟ್ಟಿದ್ದೀಯ? ವಿಡಿಯೋ ನಿಲ್ಲಿಸಿ ನೋಡಿದೆ. ಬಂಪರ್ ಕೆಳಗೆ ಹೋಗಿದೆ.

ಶಶಿ: ಚಕ್ರದ ಹತ್ತಿರ ಒಂದು ಕಬ್ಬಿಣ ಇತ್ತು ಮಂಜಣ್ಣ. ಚೆನ್ನಾಗಿ ಗಟ್ಟಿ ಇತ್ತು.

ಮಂಜಣ್ಣ: ಅದು ಸಸ್ಪೆನ್ಷನ್‌ನ ಲೋವರ್ ಆರ್ಮ್. ಚಕ್ರವನ್ನು ಜಾಗದಲ್ಲಿ ಹಿಡಿದಿಡುವುದೇ ಅದು. ಭಾವ, ಹಿಂದಿನ ಸೀಟಿನಲ್ಲಿ ಕಾಣುತ್ತಿರುವುದು ಮಕ್ಕಳಾ?

ರಶ್ಮಿ ಅಕ್ಕ: ಹೌದು. ನಾನೂ ಇದ್ದೆ. ಆ ಮಳೆಯಲ್ಲಿ ಎಲ್ಲಿ ಇಳಿಯುವುದು?

ಮಂಜಣ್ಣ: ಪಿಕಪ್‌ನ ಮುಂದಿನ ಸೀಟಿಗೆ ಬಂದಿದ್ದರೆ ಆಗುತ್ತಿತ್ತು ಅಕ್ಕ. ಎಳೆಸಿಕೊಳ್ಳುವ ಕಾರಿನಲ್ಲಿ ಸ್ಟೀರಿಂಗ್ ಹಿಡಿದವರು ಒಬ್ಬರೇ ಇರಬೇಕು.

ಪ್ರಕಾಶ್ ಭಾವ: ಮಂಜು, ನೀನು ಅಲ್ಲಿ ಇರಲಿಲ್ಲ. ಎಂಜಿನ್ ತಣಿಸುವ ಕೂಲೆಂಟ್ ಪೈಪ್ ಒಡೆದು ಹೊಗೆ ಬಂತು. ನೆಟ್‌ವರ್ಕ್ ಇಲ್ಲ. ಯಾರದೋ ಬೈಕಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ ಫೋನ್ ಮಾಡಿ ಬಂದೆ. ಕತ್ತಲಾಗುತ್ತಿತ್ತು. ಮನೆ ಸೇರಿದೆವು ಅಲ್ವಾ? ಈಗ ಕೂತು ತಪ್ಪು ಹುಡುಕುವುದು ಸುಲಭ.

ದೊಡ್ಡಪ್ಪ: ಅದೇ ನಾನೂ ಹೇಳುವುದು. ನಾವು ವಿಲ್ಲಿಸ್ ಜೀಪಿನಲ್ಲಿ ಸರಪಳಿ ಹಾಕಿ ಏನೇನು ಎಳೆದಿಲ್ಲ! ಒಂದು ದಿನವೂ ಏನೂ ಆಗಲಿಲ್ಲ.

ಮಂಜಣ್ಣ: ದೊಡ್ಡಪ್ಪ, ನಿಮ್ಮ ಜೀಪಿಗೆ ಬ್ರೇಕ್ ಬೂಸ್ಟರ್ ಇರಲಿಲ್ಲ, ಪವರ್ ಸ್ಟೀರಿಂಗ್ ಇರಲಿಲ್ಲ. ಎಂಜಿನ್ ನಿಂತರೂ ಬ್ರೇಕ್ ಅಷ್ಟೇ, ಓಡುತ್ತಿದ್ದರೂ ಅಷ್ಟೇ. ಈಗಿನ ಕಾರು ಹಾಗಲ್ಲ. ಬ್ರೇಕಿಗೆ ಬಲ ಕೊಡುವುದು ಎಂಜಿನ್‌ನಿಂದ ಬರುವ ವ್ಯಾಕ್ಯೂಮ್. ಎಂಜಿನ್ ಆಫ್ ಆದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದು ಖಾಲಿ. ಆಮೇಲೆ ಪೆಡಲ್ ಕಲ್ಲು. ಭಾವ, ಹಾಗೆ ಆಯಿತಾ ಇಲ್ಲವಾ ನೀವೇ ಹೇಳಿ.

ಪ್ರಕಾಶ್ ಭಾವ: ಆಯಿತು. ಎರಡೂ ಕಾಲಿನಲ್ಲಿ ಒತ್ತಬೇಕಾಯಿತು. ಆದರೆ ನಾವು ಬಂದದ್ದು ಏರು. ಏರಿನಲ್ಲಿ ಬ್ರೇಕ್ ಯಾಕೆ ಬೇಕು?

ಮಂಜಣ್ಣ: ಕೊಟ್ಟಿಗೆಹಾರದ ತನಕ ಏರು. ಅಲ್ಲಿಂದ ಮೂಡಿಗೆರೆಗೆ ಏರೂ ಇದೆ, ಇಳಿಜಾರೂ ಇದೆ. ಇಳಿಜಾರಿನಲ್ಲಿ ಹಗ್ಗ ಸಡಿಲ ಆಗುತ್ತದೆ, ನಿಮ್ಮ ಕಾರು ಪಿಕಪ್‌ನ ಮೇಲೆ ಹೋಗುತ್ತದೆ. ಎಳೆಯುವುದು ದೊಡ್ಡ ವಿಷಯ ಅಲ್ಲ ಭಾವ. ಹಿಂದಿನ ಕಾರು ಹೇಗೆ ನಿಲ್ಲುತ್ತದೆ ಅನ್ನುವುದು ವಿಷಯ. ಹಗ್ಗ ಎಳೆಯುತ್ತದೆ, ತಡೆಯುವುದಿಲ್ಲ.

ಏರಿನ ಲೆಕ್ಕವನ್ನೂ ಹೇಳುತ್ತೇನೆ. ಕಾರು, ನೀವು ನಾಲ್ಕು ಜನ, ಲಗೇಜು ಸೇರಿ 1,300 ಕೆಜಿ ದಾಟುತ್ತದೆ. ಸಮತಟ್ಟಿನಲ್ಲಿ ಅದನ್ನು ಉರುಳಿಸಲು ಹದಿನೈದು ಇಪ್ಪತ್ತು ಕೆಜಿ ಎಳೆತ ಸಾಕು. ಅದಕ್ಕೇ ಇಬ್ಬರು ನೂಕಿದರೂ ಹೋಗುತ್ತದೆ. ಹತ್ತು ಮೀಟರ್ ಹೋದಾಗ ಒಂದು ಮೀಟರ್ ಏರುವ ರಸ್ತೆಯಲ್ಲಿ ಅದೇ ಕಾರಿಗೆ ನೂರೈವತ್ತು ಕೆಜಿ ಬೇಕು. ಇದು ನಿಧಾನವಾಗಿ ಎಳೆದರೆ. ಹಗ್ಗ ಸಡಿಲಾಗಿ ಜಗ್ಗಿತು ಅಂದರೆ ಆ ಒಂದು ಕ್ಷಣಕ್ಕೆ ಇದರ ಎಷ್ಟೋ ಪಟ್ಟು ಬೀಳುತ್ತದೆ. ಹಗ್ಗ ತುಂಡಾಗುವುದು ಅಲ್ಲಿ. ಏರಿನಲ್ಲಿ ತುಂಡಾದರೆ ಕಾರು ಹಿಂದಕ್ಕೆ ಬರುತ್ತದೆ, ಬೂಸ್ಟರ್ ಇಲ್ಲದ ಬ್ರೇಕಿನಲ್ಲಿ.

ಶಶಿ: ನಾನು ಜಗ್ಗಿಸಿಲ್ಲ ಮಂಜಣ್ಣ. ಹಗ್ಗ ಬಿಗಿ ಆಗುವ ತನಕ ಕ್ಲಚ್ಚಿನಲ್ಲೇ ಬಿಟ್ಟೆ.

ಮಂಜಣ್ಣ: ನೋಡಿದೆ. ಅದನ್ನು ನೀನು ಚೆನ್ನಾಗಿ ಮಾಡಿದ್ದೀಯ. ಆದರೆ ಪಿಕಪ್ ಖಾಲಿ ಇತ್ತು. ಅದು ಹಿಂದಿನ ಚಕ್ರದಿಂದ ಓಡುವ ಗಾಡಿ, ಲೋಡ್ ಇಲ್ಲದಿದ್ದರೆ ಹಿಂಭಾಗ ಹಗುರ. ಒದ್ದೆ ರಸ್ತೆಯ ಏರಿನಲ್ಲಿ ಚಕ್ರ ಸುತ್ತುವುದು ಅದಕ್ಕೇ. ವಿಡಿಯೋದಲ್ಲಿ ಎರಡನೇ ತಿರುವಿನಲ್ಲಿ ಸುತ್ತಿದ ಸದ್ದು ಇದೆ.

ನಾನು: ಕಾನೂನಿನಲ್ಲೂ ಇದೆಲ್ಲ ಇದೆ. ಎರಡು ಗಾಡಿಗಳ ನಡುವೆ ಐದು ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಹಗ್ಗ ಬೇರೆಯವರ ಕಣ್ಣಿಗೆ ಕಾಣುವಂತಿರಬೇಕು. ಎಳೆಸಿಕೊಳ್ಳುವ ಗಾಡಿಯ ಹಿಂದೆ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ 'ಆನ್ ಟೋ' ಅಂತ ಬರೆದಿರಬೇಕು, ಅಕ್ಷರ 75 ಮಿಲಿಮೀಟರ್ ಎತ್ತರ. ಅದರ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರೇ ಕೂರಬೇಕು. 2017ರ ತನಕ ಇದ್ದ 1989ರ ರಸ್ತೆ ನಿಯಮಗಳಲ್ಲಿ ವೇಗದ ಮಿತಿ ಗಂಟೆಗೆ 24 ಕಿಲೋಮೀಟರ್ ಆಗಿತ್ತು.

ಪ್ರಕಾಶ್ ಭಾವ: ಘಾಟಿಯಲ್ಲಿ ಕೆಟ್ಟು ನಿಂತವನು ಬಿಳಿ ಹಲಗೆಗೆ ಪೇಂಟ್ ಮಾಡುತ್ತಾ ಕೂರಬೇಕಾ ಕಾವ್ಯ?

ನಾನು: ಬೋರ್ಡ್ ಬಿಡಿ ಭಾವ. ವಿಡಿಯೋದಲ್ಲಿ ನಿಮ್ಮ ಹಿಂದಿನ ಲೈಟ್ ಕೂಡ ಕಾಣುತ್ತಿಲ್ಲ.

ಪ್ರಕಾಶ್ ಭಾವ: ಬ್ಯಾಟರಿ ಉಳಿಯಲಿ ಅಂತ ಕೀ ಆಫ್ ಮಾಡಿದ್ದೆ. ಸ್ಟೀರಿಂಗ್ ಲಾಕ್ ಆಗದಷ್ಟು ಮಾತ್ರ ಆನ್ ಇತ್ತು.

ಮಂಜಣ್ಣ: ಲಾಕ್ ಬಿಡಿಸಿದ್ದು ಸರಿ. ಎಷ್ಟೋ ಜನ ಕೀ ತೆಗೆದು ಜೇಬಿಗೆ ಹಾಕಿಕೊಂಡು, ಮೊದಲ ತಿರುವಿನಲ್ಲೇ ಮೋರಿಗೆ ಇಳಿಯುತ್ತಾರೆ. ಆದರೆ ಮಂಜಿನಲ್ಲಿ ಹಿಂದಿನ ಲೈಟ್ ಬೇಕೇ ಬೇಕು. ಹಜಾರ್ಡ್ ಲೈಟ್ ಹಾಕಿದಾಗ ಇಂಡಿಕೇಟರ್ ಕೆಲಸ ಮಾಡುವುದಿಲ್ಲ, ತಿರುವಿನಲ್ಲಿ ಕೈ ತೋರಿಸಬೇಕು. ಹಗ್ಗದ ನಡುವೆ ಒಂದು ಗೋಣಿಚೀಲ ಕಟ್ಟಿದರೆ ಬೇರೆಯವರಿಗೂ ಕಾಣುತ್ತದೆ, ಹಗ್ಗ ತುಂಡಾದರೆ ಹಾರಿ ಬಡಿಯುವ ರಭಸವೂ ಕಡಿಮೆ. ಸರಪಳಿ ಬೇಡ ದೊಡ್ಡಪ್ಪ. ಅದು ಹಿಗ್ಗುವುದಿಲ್ಲ, ಜಗ್ಗಿದ ಏಟೆಲ್ಲ ನೇರ ಹುಕ್ಕಿಗೆ. ನೈಲಾನ್ ಪಟ್ಟಿಯಾದರೆ ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತದೆ.

(ಇಲ್ಲಿ ಸುಮಾರು ಹೊತ್ತು ಯಾರೂ ಏನೂ ಬರೆಯಲಿಲ್ಲ. ಸುಧತ್ತೆ ಒಂದು ಹೂವಿನ ಫೋಟೋ ಹಾಕಿದರು. ಅಷ್ಟಕ್ಕೇ ನಿಂತಿದ್ದರೆ ಜಗಳ ಮುಗಿಯುತ್ತಿತ್ತು. ಮಂಜಣ್ಣ ನಿಲ್ಲಿಸುವವನಲ್ಲ.)

ಮಂಜಣ್ಣ: ಭಾವ, ಒಂದು ಕೇಳಲಾ? ನಿಮ್ಮದು ಆಟೊಮ್ಯಾಟಿಕ್ ಅಲ್ವಾ? ಯಾವ ಆಟೊಮ್ಯಾಟಿಕ್?

ಪ್ರಕಾಶ್ ಭಾವ: ಆಟೊಮ್ಯಾಟಿಕ್ ಅಂದರೆ ಆಟೊಮ್ಯಾಟಿಕ್. ಆರ್‌ಸಿ ಫೋಟೋ ಹಾಕುತ್ತೇನೆ, ನೋಡು.

ಮಂಜಣ್ಣ: ಮೊದಲು ಆ ಫೋಟೋ ಡಿಲೀಟ್ ಮಾಡಿ, ಚಾಸಿ ನಂಬರ್ ಎಲ್ಲ ಇದೆ. ಮತ್ತೆ, ಗೇರ್‌ಬಾಕ್ಸ್ ಯಾವುದು ಅಂತ ಆರ್‌ಸಿಯಲ್ಲಿ ಇರುವುದಿಲ್ಲ. ಮುಂದಿನ ಚಕ್ರ ಎಳೆಯುತ್ತದಾ ಹಿಂದಿನದಾ ಅನ್ನುವುದೂ ಇರುವುದಿಲ್ಲ. ಅದರಲ್ಲಿ ಇರುವುದು ಇಂಧನ, ಸಿಸಿ, ಸೀಟು, ತೂಕ, ಇಂಥವು. ತೂಕದಲ್ಲೂ ಎರಡು ಇದೆ ನೋಡಿ. ಅನ್‌ಲೇಡನ್ ಅಂದರೆ ಖಾಲಿ ಕಾರು. ಗ್ರಾಸ್ ಅಂದರೆ ಜನ, ಸಾಮಾನು ತುಂಬಿ ಎಷ್ಟರ ತನಕ ಹೋಗಬಹುದು ಅನ್ನುವ ಮಿತಿ. ಟೋಯಿಂಗ್‌ನವನಿಗೆ ಫೋನಿನಲ್ಲಿ ಹೇಳಬೇಕಾದದ್ದು ಈ ತೂಕ, ಗೇರ್‌ಬಾಕ್ಸ್, ಎಂಜಿನ್ ಯಾವ ಚಕ್ರಕ್ಕೆ ಕೆಲಸ ಕೊಡುತ್ತದೆ, ಅಷ್ಟೇ. ಎಷ್ಟು ಹಾರ್ಸ್‌ಪವರ್ ಅಂತ ಅವನಿಗೆ ಬೇಡ. ಉಳಿದದ್ದು ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ.

ರಶ್ಮಿ ಅಕ್ಕ: ಮ್ಯಾನ್ಯುಯಲ್ ಪ್ಲಾಸ್ಟಿಕ್ ಕವರ್ ಈಗ ಬಿಚ್ಚಿದೆ. ಸಿವಿಟಿ ಅಂತ ಇದೆ. ಫ್ರಂಟ್ ವೀಲ್ ಡ್ರೈವ್.

ಮಂಜಣ್ಣ: ಅದೇ ಹೆದರಿಕೆ ಇತ್ತು. ಸಿವಿಟಿ ಅಂದರೆ ಹಲ್ಲಿನ ಗೇರುಗಳ ಬದಲು ಬೆಲ್ಟಿನಲ್ಲಿ ಓಡುವ ಆಟೊಮ್ಯಾಟಿಕ್. ನಾಲ್ಕೂ ಚಕ್ರ ನೆಲದ ಮೇಲೆ ಇಟ್ಟು ಇಷ್ಟು ದೂರ ಎಳೆಯಬಾರದಿತ್ತು.

ಪ್ರಕಾಶ್ ಭಾವ: ನ್ಯೂಟ್ರಲ್‌ಗೆ ಹಾಕಿದ್ದೆ!

ಮಂಜಣ್ಣ: ನ್ಯೂಟ್ರಲ್‌ನಲ್ಲಿ ಎಂಜಿನ್ ಜೊತೆ ಸಂಬಂಧ ತಪ್ಪುತ್ತದೆ, ಚಕ್ರದ ಜೊತೆ ತಪ್ಪುವುದಿಲ್ಲ. ಚಕ್ರ ಉರುಳಿದರೆ ಗೇರ್‌ಬಾಕ್ಸಿನ ಒಳಗಿನ ಭಾಗಗಳೂ ತಿರುಗುತ್ತವೆ. ಅವಕ್ಕೆ ಎಣ್ಣೆ ಕೊಡುವ ಪಂಪ್ ತಿರುಗುವುದು ಎಂಜಿನ್ ಓಡುವಾಗ ಮಾತ್ರ. ಎಂಜಿನ್ ಆಫ್, ಪಂಪ್ ಬಂದ್, ಒಳಗೆ ಒಣ ತಿಕ್ಕಾಟ. ಶಶಿಯ ಪಿಕಪ್ ಥರ ಮಾಮೂಲಿ ಗೇರ್ ಗಾಡಿಯಾದರೆ ಈ ತೊಂದರೆ ಇಲ್ಲ. ಅದರ ಗೇರುಗಳು ಎಣ್ಣೆಯಲ್ಲೇ ಮುಳುಗಿ ತಿರುಗುತ್ತವೆ. ಮಾರುತಿಯವರು ಎಜಿಎಸ್ ಅನ್ನುವುದೂ ಒಳಗೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸ ಮಾತ್ರ ಯಂತ್ರದ್ದು. ಆದರೆ ಅದು ಗೇರಿನಲ್ಲೇ ಸಿಕ್ಕಿಹಾಕಿಕೊಂಡರೆ ಎಳೆಯಲು ಆಗುವುದಿಲ್ಲ. ಸಿವಿಟಿಗೆ ಮುಂದಿನ ಎರಡು ಚಕ್ರ ಎತ್ತಿ ಒಯ್ಯಬೇಕು, ಇಲ್ಲವೇ ಇಡೀ ಕಾರು ಫ್ಲಾಟ್‌ಬೆಡ್ ಲಾರಿಯ ಮೇಲೆ. ಎಂಜಿನ್ ನಾಲ್ಕೂ ಚಕ್ರಕ್ಕೆ ಕೆಲಸ ಕೊಡುವ ಗಾಡಿಯಾದರೆ ಫ್ಲಾಟ್‌ಬೆಡ್ ಒಂದೇ ದಾರಿ.

ಸುಧತ್ತೆ: ನನ್ನದು ಎಲೆಕ್ಟ್ರಿಕ್ ಕಣೋ. ಗೇರೇ ಇಲ್ಲ. ನನಗೆ ಚಿಂತೆ ಇಲ್ಲ ಅಲ್ವಾ?

ಮಂಜಣ್ಣ: ನಿಮಗೇ ಜಾಸ್ತಿ ಅತ್ತೆ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ಕರೆಂಟ್ ಹುಟ್ಟುತ್ತದೆ. ಯಾರು ಏನೇ ಹೇಳಲಿ, ಹಗ್ಗ ಕಟ್ಟಲು ಬಿಡಬೇಡಿ.

ರಶ್ಮಿ ಅಕ್ಕ: ಹಾಗಾದರೆ ಗೇರ್‌ಬಾಕ್ಸ್ ಹೋಯಿತಾ ಮಂಜು?

ಮಂಜಣ್ಣ: ಹೋಯಿತು ಅಂತ ಹೇಳುವುದಿಲ್ಲ ಅಕ್ಕ. ನಿಧಾನ ಬಂದಿದ್ದೀರಿ. ಫ್ಲೂಯಿಡ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ಕಬ್ಬಿಣದ ಪುಡಿ ಇಲ್ಲದಿದ್ದರೆ, ಸುಟ್ಟ ವಾಸನೆ ಇಲ್ಲದಿದ್ದರೆ ಬಚಾವ್. ಅಲ್ಲಿಯ ತನಕ ಸ್ಟಾರ್ಟ್ ಮಾಡಬೇಡಿ. ಹೇಗೂ ಕೂಲೆಂಟ್ ಇಲ್ಲ.

ದೊಡ್ಡಪ್ಪ: ಒಳ್ಳೆಯದು ಮಾಡಲು ಹೋದ ಹುಡುಗನಿಗೆ ಬೆಳಗಿನಿಂದ ಪಾಠ. ಸಾಕು ಬಿಡೋ.

ಶಶಿ: ಅಪ್ಪ, ಮಂಜಣ್ಣ ನನಗೆ ಹೇಳುತ್ತಿಲ್ಲ, ಭಾವನಿಗೆ ಹೇಳುತ್ತಿರುವುದು.

ಪ್ರಕಾಶ್ ಭಾವ: ನೋಡಿದೆಯಾ ರಶ್ಮಿ ನಿನ್ನ ತಮ್ಮನನ್ನು?

ರಶ್ಮಿ ಅಕ್ಕ: ಇನ್ನೊಂದು ನೋಡಿದೆ ನಾನು. ಇನ್ಶೂರೆನ್ಸ್ ಕಾಗದ ಇಲ್ಲೇ ಇತ್ತು. ರೋಡ್‌ಸೈಡ್ ಅಸಿಸ್ಟೆನ್ಸ್ ಅಂತ ದುಡ್ಡು ಕಟ್ಟಿದ್ದೀರಿ. ಹತ್ತಿರದ ಗ್ಯಾರೇಜಿನ ತನಕ ಎಳೆದೊಯ್ಯುವುದು ಅದರಲ್ಲೇ ಸೇರಿದೆ.

ಪ್ರಕಾಶ್ ಭಾವ: ನೆಟ್‌ವರ್ಕ್ ಇಲ್ಲದ ಕಡೆ ಅಸಿಸ್ಟೆನ್ಸ್ ತೆಗೆದುಕೊಂಡು ಏನು ಮಾಡಲಿ?

ನಾನು: ಕೊಟ್ಟಿಗೆಹಾರದಲ್ಲಿ ಶಶಿಗೆ ಫೋನ್ ಹೋಯಿತಲ್ಲ ಭಾವ.

ಮಂಜಣ್ಣ: ಅದು ಬಿಡಿ. ನಾಳೆ ಬೆಳಿಗ್ಗೆ ಆ ನಂಬರಿಗೆ ಮಾಡಿ, ಮೂಡಿಗೆರೆಯಿಂದ ಫ್ಲಾಟ್‌ಬೆಡ್ ಕೇಳಿ. ಸಿವಿಟಿ, ಫ್ರಂಟ್ ವೀಲ್ ಅಂತ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಹಗ್ಗ ಹಿಡಿದುಕೊಂಡೇ ಬರುತ್ತಾರೆ. ಅಲ್ಲೇ ಒಳ್ಳೆ ಗ್ಯಾರೇಜ್ ಸಿಕ್ಕಿದರೆ ಅಲ್ಲೇ ಬಿಡಿ, ಇಲ್ಲವಾದರೆ ಹಾಸನಕ್ಕೆ ತನ್ನಿ. ಇನ್ನೊಂದು ಕೆಲಸ ಎಲ್ಲರೂ ಮಾಡಿ. ಡಿಕ್ಕಿ ತೆಗೆದು, ಸ್ಟೆಪ್ನಿ ಹತ್ತಿರ ಟೂಲ್ ಕಿಟ್‌ನಲ್ಲಿ ಟೋ ಹುಕ್ ಇದೆಯಾ ನೋಡಿ. ಕಬ್ಬಿಣದ ಬಳೆ, ಹಿಂದೆ ಸ್ಕ್ರೂ ಥ್ರೆಡ್. ಬಂಪರ್‌ನಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಹುಕ್ ಕೂರುವ ತೂತು. ಫ್ಲಾಟ್‌ಬೆಡ್‌ಗೆ ಎಳೆದು ಹತ್ತಿಸಲೂ ಅದೇ ಬೇಕು.

ಪ್ರಕಾಶ್ ಭಾವ: ನಮ್ಮದರಲ್ಲಿ ಜಾಕ್ ಇದೆ, ಸ್ಪ್ಯಾನರ್ ಇದೆ. ಬಳೆ ಇಲ್ಲ.

ರಶ್ಮಿ ಅಕ್ಕ: ಇದೆ. ಅಡುಗೆಮನೆ ಕಿಟಕಿಗೆ ಒತ್ತು ಕೊಟ್ಟಿದ್ದೀರಿ. ಏನು ಇದು ಅಂತ ನಾನು ಕೇಳಿದ್ದೆ ಕೂಡ.

ಶಶಿ: 😂😂

ಸುಧತ್ತೆ: ನನ್ನದರಲ್ಲಿ ಸಿಕ್ಕಿತು. ಮುಚ್ಚಳ ತೆಗೆದೆ. ಹಾಕಿದರೆ ಒಳಗೆ ಹೋಗುತ್ತಲೇ ಇಲ್ಲ.

ಮಂಜಣ್ಣ: ಎಡಕ್ಕೆ ತಿರುಗಿಸಿ ಅತ್ತೆ. ಕೆಲವು ಕಾರುಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ.

ಸುಧತ್ತೆ: ಹೂಂ, ಕೂತಿತು. ಈಗ ಬಿಚ್ಚುವುದು ಹೇಗೆ?