ಸಹಾಯ ಬೇಕು: ರೈಫಲ್ ಮುಟ್ಟದ ಹೊಡದ್ರ ಗುಂಪು ಅಡ್ಡ ಹರಡ್ತದ

ಬೆಳಗಾವಿ ಕಡೆ ಬೆಂಚ್ ಮ್ಯಾಲ ಏರ್ ರೈಫಲ್ ಹೊಡಿಯೋರು ಸ್ವಲ್ಪ ನೋಡ್ರಿ. ನಂದು 4.5 ಮಿ.ಮೀ. ಪಿಸಿಪಿ (ಮೊದಲ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡಿಯೋ ರೈಫಲ್), 8.4 ಗ್ರೇನ್ (ಸುಮಾರು 0.54 ಗ್ರಾಂ) ಪೆಲೆಟ್, ಗುರಿ 25 ಮೀಟರ್ ದೂರ. ಮುಂದ ರೆಸ್ಟ್, ಹಿಂದ ಕಿವಿ (ಸ್ಟಾಕ್, ಅಂದ್ರ ರೈಫಲ್ ಹಿಂಬದಿ, ನಡುವ ಕೂಡೋ ಎರಡು ಉಬ್ಬು) ಇರೋ ಮರಳಿನ ಚೀಲ. ಗಲ್ಲ, ಭುಜ ತಾಗಿಸೂದಿಲ್ಲ; ಹೆಬ್ಬೆರಳು ಟ್ರಿಗರ್ ಗಾರ್ಡ್ ಹಿಂದ, ತೋರುಬೆರಳು ಟ್ರಿಗರ್ ಮ್ಯಾಲ, ಅಷ್ಟ.

5 ಪೆಲೆಟ್ ಗುಂಪು (ಗುರಿ ಮ್ಯಾಲ ಬಿದ್ದ ತೂತುಗಳ ಹರವು) ಎತ್ತರದಾಗ 6 ಮಿ.ಮೀ., ಅಡ್ಡ ಮಾತ್ರ 14. ಭುಜ ಹಗೂರಕ ತಾಗಿಸಿದ್ರ ಅಡ್ಡನೂ 7ಕ್ಕ ಇಳೀತದ. ಹೊಡಿಯೂದು ಗಾಳಿ ಇಲ್ಲದ ಹಾಲ್‌ನ್ಯಾಗ. ರೆಗ್ಯುಲೇಟರ್ (ಪ್ರತಿ ಹೊಡೆತಕ್ಕ ಗಾಳಿ ಒತ್ತಡ ಒಂದೇ ಇಡೋ ಭಾಗ) ತಪ್ಪಿದ್ರ ಮ್ಯಾಲ-ಕೆಳಗ ಹರಡಬೇಕಿತ್ತು, ಅದೂ ಅಲ್ಲ.

ಸಂಶಯ ಎರಡು. ಟ್ರಿಗರ್ ಎಳಿಯೋ ಭಾರ 450 ಗ್ರಾಂ ಅದ; ಹಿಡಿತ ಇಲ್ಲದಾಗ ಇಷ್ಟು ಭಾರ ಎಳದ್ರ ಬೆರಳು ಚೂರು ಓರೆ ಆದ್ರೂ ರೈಫಲ್ ಜರಗ್ತದ. ಎರಡನೇದು, ಚೀಲದ ಕಿವಿ ಸ್ಟಾಕ್ ಹಿಡಕೊಳ್ತಾವ: ರೈಫಲ್ 2 ಸೆಂ.ಮೀ. ಹಿಂದ ಜಗ್ಗಿದ್ರ ಕ್ರಾಸ್‌ಹೇರ್ (ಗುರಿ ನೋಡೋ ದುರ್ಬೀನಿನ ಕೂಡುಗೆರಿ) ನೆಟ್ಟಗ ಓಡದ ಎಡಕ್ಕ ವಾಲ್ತದ. ಟಾಲ್ಕಂ ಪೌಡರ್ ಹಚ್ಚಿದ್ರ ಎರಡು ದಿನ ಚಲೋ, ನಮ್ಮ ಮಳಿಗಾಲದ ತಂಪಿನ್ಯಾಗ ಕಿವಿಯ ಚರ್ಮ ಮತ್ತ ಸ್ಟಾಕ್‌ಗೆ ಅಂಟತದ.

ಟ್ರಿಗರ್ 150 ಗ್ರಾಂಗ ಇಳಿಸಿದ್ರ ಸಿಯರ್ (ಟ್ರಿಗರ್ ಎಳಿಯೂತನಕ ಹೊಡೆತ ತಡದು ಹಿಡಿಯೋ ಕೊಕ್ಕಿ) ಹಿಡಿತ ಕಮ್ಮಿ ಆಗಿ ತಾನಾಗೇ ಹಾರೂ ಅಪಾಯ ಅದ ಏನ್ರಿ? ಅಥವಾ ಮೊದಲ ಕಿವಿಗೆ ಜಾರೂ ಬಟ್ಟಿ ಹಾಕಿಸ್ಲೋ? ಖಡೇಬಜಾರ್ ಕಡೆ ದಪ್ಪ ಚರ್ಮ ಹೊಲಿಯೋರು ಗೊತ್ತಿದ್ರ ಅದನ್ನೂ ಹೇಳ್ರಿ.