ಅಪ್‌ಡೇಟ್: ಹೊಸ ಸಂಬಳ ಪದ್ಧತಿಗೆ ನಾನು ಸೇರಲಿಲ್ಲ

ಬೆಂಗಳೂರಿನ ನಮ್ಮ ಖಾಸಗಿ ಶಾಲೆಯಲ್ಲಿ ವರ್ಷಾ ವರ್ಷಾ ಬರುವ ಇನ್‌ಕ್ರಿಮೆಂಟ್ ಬಿಟ್ಟು, ಮಕ್ಕಳ ರಿಸಲ್ಟ್ ನೋಡಿ ಬೋನಸ್ ಕೊಡುವ ಪದ್ಧತಿಗೆ ಸೇರಲಾ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾನು ಸೇರಲಿಲ್ಲ.

ತುಂಬಾ ಉಪಯೋಗಕ್ಕೆ ಬಂದದ್ದು "ಮೊದಲು ಪೇ ಸ್ಲಿಪ್ ನೋಡಿ" ಅಂದವರ ಮಾತು. ಪಿಎಫ್‌ಗೆ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಶೇ. 12 ಹೋಗುತ್ತದೆ. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಸಿಗುವ ಹಣ; ಅದು ಕೊನೆಯ ಬೇಸಿಕ್, ಡಿಎ ಲೆಕ್ಕದಲ್ಲಿ ಸರ್ವಿಸಿನ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಹೊಸ ಬೋನಸ್ ಇವೆರಡಕ್ಕೂ ಸೇರಲ್ಲ ಅಂತ ಅಕೌಂಟ್ಸ್ ಮೇಡಂ ಸ್ಪಷ್ಟವಾಗಿ ಹೇಳಿದರು. ಬೇಸಿಕ್ ನಿಂತಲ್ಲೇ ನಿಂತರೆ ನಿವೃತ್ತಿಯಲ್ಲಿ ಕೈಗೆ ಬರುವುದೂ ಕಡಿಮೆಯೇ ಅಲ್ವಾ?

ಅಮೆರಿಕದ ಡೆನ್ವರ್ ನಗರದ ವಿಷಯವನ್ನೂ ಓದಿದೆ. ಅಲ್ಲಿ 2005ರಲ್ಲಿ ಜನ ವೋಟು ಹಾಕಿ, ಶಿಕ್ಷಕರಿಗೆ ರಿಸಲ್ಟ್ ಮುಂತಾದವು ನೋಡಿ ಬೋನಸ್ ಕೊಡುವ ಪ್ರೊಕಾಂಪ್ ಅನ್ನುವ ಪದ್ಧತಿಗೆ ವರ್ಷಕ್ಕೆ 2.5 ಕೋಟಿ ಡಾಲರ್ ತೆರಿಗೆ ಒಪ್ಪಿದರು. ಹಳೆ ಶಿಕ್ಷಕರಿಗೆ ಆಯ್ಕೆ ಇತ್ತು, ಹೊಸಬರಿಗೆ ಇರಲಿಲ್ಲ. 2019ರಲ್ಲಿ ಅಲ್ಲಿನ ಶಿಕ್ಷಕರೇ ಮುಷ್ಕರಕ್ಕೆ ಇಳಿದರು. ಯಾವ ವರ್ಷ ಎಷ್ಟು ಬರುತ್ತೆ ಅಂತ ನಂಬಿಕೊಳ್ಳಲು ಆಗಲ್ಲ ಅನ್ನುವುದು ಅವರ ದೊಡ್ಡ ದೂರು.

ಹಾಗಂತ ಬೋನಸ್ಸೇ ಕೆಟ್ಟದ್ದು ಅನ್ನಲ್ಲ. ಆಂಧ್ರದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಅಧ್ಯಯನದಲ್ಲಿ, ಬೋನಸ್ ಇದ್ದ ಕಡೆ ಮಕ್ಕಳು ಜಾಸ್ತಿ ಕಲಿತರು. ಆದರೆ ಅಲ್ಲಿ ಅದು ಸಂಬಳದ ಮೇಲೆ ಕೊಟ್ಟದ್ದು. ನಮ್ಮಲ್ಲಿ ಇನ್‌ಕ್ರಿಮೆಂಟ್ ಕಿತ್ತುಕೊಂಡು ಕೊಡುವುದು.

ಹಿಂದಿ ಮೇಡಂ ಸೇರಿದ್ದಾರೆ. ಮುಂದಿನ ವರ್ಷ ಹುಬ್ಬಳ್ಳಿಗೆ ಹೋಗುವವರು, ಅವರಿಗೆ ಅದೇ ಸರಿ. ಉಳಿದ ಕೆಲವರು ಸೇರಿ, ಇನ್‌ಕ್ರಿಮೆಂಟ್ ಇರಲಿ, ಅದರ ಮೇಲೆ ಬೋನಸ್ ಕೊಡಿ ಅಂತ ಮ್ಯಾನೇಜ್‌ಮೆಂಟ್‌ಗೆ ಬರೆದುಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.